ಭೂಕಂಪ ನುಂಗಿದ ಕೌದಿ

ಒಂದಾನೊಂದು ಊರು. ಊರಿಗೊಂದು ಹೆಸರಿತ್ತು, ನೆಲ ಅಲುಗಿದಾಗ ಉದುರಿಹೋಯಿತು, ನನ್ನನ್ನು ಕೇಳಬೇಡಿ. ಅಲ್ಲಿ ಹಳೇ ಸೀರೆ ಹರಿದು ಕೌದಿ ಹೊಲಿಯುವ ಹುಲಿಗೆವ್ವ ಇದ್ದಳು. ಮಗಳಿಗೆ ದಿನ ತುಂಬಿತ್ತು. ಹುಟ್ಟೋ ಕೂಸಿಗೆ ಕೌದಿ ಬೇಕಲ್ಲ! ಓಣಿಯಲ್ಲಿ ಕಾಲು ಚಾಚಿ ಕೂತು ಸರಸರ ಸೂಜಿ ಓಡಿಸುತ್ತಿದ್ದಳು.

ಇನ್ನೊಂದೇ ಮೂಲೆ ಉಳಿದಿತ್ತು. ಕೊನೇ ಮೂಲೆಯಲ್ಲಿ ರೊಟ್ಟಿ ಚೂರು ಇಟ್ಟು ಹೊಲಿಯಬೇಕು. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸೋದು ಅಂತಾರೆ. ಹುಲಿಗೆವ್ವ ರೊಟ್ಟಿಗೆ ಕೈ ಚಾಚಿದಳು, ನೆಲ ಗಡಗಡ! ಕೋಳಿ ಹಾರಿ ಬಾವಿಕಟ್ಟೆ ಮೇಲೆ ಕೂತಿತು. ಬಾವಿಕಟ್ಟೆ ಹಾರಿ ಕೋಳಿ ಮೇಲೆ ಕೂತಿತು.

"ಯವ್ವಾ, ಸತ್ತೆ!" ಅಂದಳು ಹುಲಿಗೆವ್ವ. ಸೂಜಿ ಮಾತ್ರ ಬಿಡಲಿಲ್ಲ.

ಅತ್ತ ಅರಮನೆಯಲ್ಲಿ ತುಳುಕಪ್ಪ ದೊರೆ ಅಂಚಿನ ತನಕ ತುಂಬಿದ ಮಜ್ಜಿಗೆ ಬಟ್ಟಲು ಎತ್ತಿದ್ದ. ಒಂದು ಹನಿ ತುಳುಕಿದರೂ ದಿನವಿಡೀ ಅಳುವ ದೊರೆ ಅವನು. ಅರ್ಧ ಬಟ್ಟಲು ಗಡ್ಡಕ್ಕೇ ಹೋಯಿತು.

"ಯಾಕ ಹಿಂಗಾತು?"

"ಭೂಮಿ ನಡುಗಿತು ದೊರೆ," ಅಂದ ಮಂತ್ರಿ.

"ನಡುಗೋದು ಚಳಿಗಲ್ಲೇನೋ? ಹೊದಿಸ್ರಿ ಅದಕ್ಕ!"

ಊರಲ್ಲಿ ಹೊಸ ಕೌದಿ ಇದ್ದದ್ದು ಒಂದೇ. ಸಿಪಾಯಿಗಳು ಬಂದು ಕಿತ್ತುಕೊಂಡರು.

"ಅದು ನನ್ನ ಮಗಳ ಕೂಸಿಂದ್ರೋ! ಅದರ ಹೊಟ್ಟಿನೂ ತುಂಬಿಸಿಲ್ಲ!" ಹುಲಿಗೆವ್ವ ಬಾಯಿ ಬಡಕೊಂಡು ಹಿಂದೆಯೇ ಓಡಿದಳು. ಅವಳು ಒಂದು ಹೆಜ್ಜೆ ಮುಂದಿಟ್ಟರೆ ನೆಲ ಎರಡು ಹೆಜ್ಜೆ ಹಿಂದಕ್ಕೆ ಹೋಗುತ್ತಿತ್ತು.

ಅರಮನೆ ಅಂಗಳಕ್ಕೆ ಕೌದಿ ಹೊದಿಸಿದರು. ಹೊಲಿಯದ ಮೂಲೆ ಬಾಯಿ ತೆರೆಯಿತು.

"ಹಸಿವು," ಅಂದಿತು ಕೌದಿ. ಮಂತ್ರಿಯ ಚಪ್ಪಲಿ ನುಂಗಿತು. "ಇನ್ನೂ ಹಸಿವು." ಬೀಸೋ ಕಲ್ಲು ನುಂಗಿತು. "ಇನ್ನೂ ಹಸಿವು." ಕೊನೆಗೆ ನೆಲದೊಳಗಿನ ನಡುಕವನ್ನೇ ಸುರ್ರನೆ ಹೀರಿ ಡರ್ರನೆ ತೇಗಿತು. ಹುಲಿಗೆವ್ವ ತಡಮಾಡಲಿಲ್ಲ, ಓಡಿಬಂದು ಅದರ ಬಾಯಿ ಹೊಲಿದೇಬಿಟ್ಟಳು. ನೆಲ ತಣ್ಣಗಾಯಿತು.

"ಭಲೇ! ಈ ಕೌದಿ ಇನ್ನು ನಂದು," ಅಂತ ದೊರೆ ಅದನ್ನು ತೊಡೆ ಮೇಲೆ ಎಳೆದುಕೊಂಡ. ಒಳಗೆ ಕೂತ ನಡುಕ ಸುಮ್ಮನಿರುತ್ತದಾ? ಮಜ್ಜಿಗೆ ಮೂಗಿಗೆ, ಕಿವಿಗೆ, ಕಿರೀಟಕ್ಕೆ!

"ತಗೊಂಡು ಹೋಗಬೇ ಯವ್ವಾ, ನಿನ್ನ ಕಾಲಿಗೆ ಬೀಳ್ತೀನಿ!"

ಮನೆಗೆ ಬಂದರೆ ಕೂಸು ಹುಟ್ಟಿ ಕಿರುಚಿ ಕಿರುಚಿ ಅಳುತ್ತಿತ್ತು. ಕೌದಿ ಮೇಲೆ ಮಲಗಿಸಿದಳು. ಒಳಗಿನ ನಡುಕ ಮೆಲ್ಲಗೆ ತೂಗಿತು. ಕೂಸು ಕಣ್ಣು ಮುಚ್ಚಿತು. ಹುಲಿಗೆವ್ವನ ಖುಷಿ ಏನು ಕೇಳ್ತೀರಿ! ಆದರೆ ಭಯ ಹೋಗಲಿಲ್ಲ ನೋಡಿ. ದಾರ ಕಡಿದರೆ ಏನು ಗತಿ ಅಂತ ಆ ಮೂಲೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತಳು. ಇವತ್ತಿಗೂ ಹಾಗೇ ಕೂತಿದ್ದಾಳೆ.

ಇದರ ನೀತಿ ಏನಪ್ಪಾ ಅಂದರೆ, ನಿಮ್ಮ ಕಾಲ ಕೆಳಗೆ ನೆಲ ಸುಮ್ಮನಿದ್ದರೆ ಅಜ್ಜಿ ಎಚ್ಚರ ಇದ್ದಾಳೆ ಅಂತ ತಿಳೀರಿ. ಒಂಚೂರು ಅಲುಗಿದರೆ ಬೈಬೇಡಿ. ಪಾಪ, ಅವಳಿಗೆ ಜೊಂಪು ಹತ್ತಿರುತ್ತದೆ.