ಕಿಂಡಿಬಳ್ಳಿಯ ರಾಜಕುಮಾರಿ

"ಶಂಖಪುರದ ಸಮಸ್ತರೂ ಕೇಳಿ. ರಾಜಕುಮಾರಿ ಪದ್ಮಲೆ ಮೂರು ಒಗಟು ಕೇಳುತ್ತಾಳೆ. ಮೂರನ್ನೂ ಬಿಡಿಸಿದವನು, ಅವಳು ಒಪ್ಪಿದರೆ, ಅವಳ ಕೈಹಿಡಿಯಬಹುದು. ಒಂದು ತಪ್ಪಿದರೂ ಬರುವ ಹುಣ್ಣಿಮೆಗೆ ತಲೆ ಹೋಗುತ್ತದೆ."

ಹೀಗೆ ಡಂಗುರ ಹೊಡೆಸಿದವನು ದೊರೆ ಅರಿಮಲ್ಲ. ಒಗಟು ಮಗಳದ್ದು, ತಲೆಯ ಮಾತು ಅವನದ್ದು. ಹೆಣ್ಣು ನೋಡುವ ನೆಪದಲ್ಲಿ ಬಂದು ವಾರಗಟ್ಟಲೆ ಉಂಡು ಹೋಗುವ ವರಗಳಿಂದ ಅವನು ಬೇಸತ್ತಿದ್ದ.

ಒಗಟುಗಳು ಪದ್ಮಲೆಗೆ ಅಮ್ಮನಿಂದ ಬಂದವು. ರಾಣಿ ಕಡಲಾಚೆಯ ದ್ವೀಪದವಳು. ಮದುವೆಯಾಗಿ ಬರುವಾಗ ತವರಿನಿಂದ ಒಂದು ಬಳ್ಳಿ ತಂದಿದ್ದಳು. ಮೊರದಗಲದ ಎಲೆ, ಎಲೆಯ ತುಂಬ ತೂತು. ಊರವರು ಅದನ್ನು ಕಿಂಡಿಬಳ್ಳಿ ಎಂದರು. ಬಿಸಿಲು ನೇರವಾಗಿ ಬೀಳದ ಕಿಟಕಿಯ ಪಕ್ಕ ಅದನ್ನು ಸಾಕುತ್ತಾ ರಾಣಿ ಮಗಳಿಗೆ ಆ ಒಗಟುಗಳನ್ನು ಕಲಿಸಿದ್ದಳು. ಈಗ ರಾಣಿ ಇರಲಿಲ್ಲ, ಬಳ್ಳಿ ಇತ್ತು.

ಮೊದಲು ಬಂದವನು ಮಂತ್ರಿಯ ಮಗ. ಪದ್ಮಲೆ ಕೇಳಿದಳು: "ಕಡಿದರೂ ತಾಯಿ ಸಾಯುವುದಿಲ್ಲ, ಕಡಿದ ತುಂಡೇ ಮಗುವಾಗುತ್ತದೆ. ಯಾರು ಆ ತಾಯಿ?"

"ಹೊಳೆ. ದಂಡೆ ಕಡಿದರೆ ಕಾಲುವೆ ಹುಟ್ಟುತ್ತದೆ."

"ಕಾಲುವೆ ಕೊನೆಯತನಕ ತಾಯಿಯ ನೀರನ್ನೇ ಕುಡಿಯುತ್ತದೆ. ನಾನು ಕೇಳಿದ ಮಗು ತಾಯಿಯನ್ನು ಬಿಟ್ಟು ಬದುಕುತ್ತದೆ," ಎಂದಳು ಪದ್ಮಲೆ. ಭಟರು ಅವನನ್ನು ಸೆರೆಮನೆಗೆ ಕರೆದೊಯ್ದರು.

ಎರಡನೆಯವನು ಹಡಗಿನ ವ್ಯಾಪಾರಿ. "ಬಳ್ಳಿ," ಎಂದು ಮೊದಲನೆಯದನ್ನು ಥಟ್ಟನೆ ಬಿಡಿಸಿದ. ಸಭೆ ನೆಟ್ಟಗೆ ಕುಳಿತಿತು. ಪದ್ಮಲೆ ಎರಡನೆಯದನ್ನು ಕೇಳಿದಳು: "ಮೈತುಂಬ ಕಣ್ಣು, ಒಂದೂ ನೋಡುವುದಿಲ್ಲ. ಕಣ್ಣಿರುವ ತುಂಡು ವಂಶ ಬೆಳೆಸುತ್ತದೆ. ಕಣ್ಣಿಲ್ಲದ್ದು ಹಸಿರಾಗಿದ್ದರೂ ಹಾಗೇ ಉಳಿಯುತ್ತದೆ. ಏನು ಆ ಕಣ್ಣು?"

"ತೆಂಗಿನಕಾಯಿಯದು."

"ಅದಕ್ಕೆ ಮೂರೇ ಕಣ್ಣು. ಮೈತುಂಬ ಎಲ್ಲಿದೆ?"

ಅವನೂ ಒಳಗೆ ಹೋದ. ಆಗ ಬಾಗಿಲು ಕಾಯುತ್ತಿದ್ದ ಗುಂಡಯ್ಯ ಈಟಿಯನ್ನು ಗೋಡೆಗೆ ಒರಗಿಸಿ ಮುಂದೆ ಬಂದು, "ನವಿಲುಗರಿಯ ಕಣ್ಣು," ಎಂದುಬಿಟ್ಟ.

"ಗರಿ ನೆಟ್ಟರೆ ನವಿಲು ಹುಟ್ಟುತ್ತದೆಯೇ?" ಎಂದು ಪದ್ಮಲೆ ಕೇಳಿದಾಗ ಸಭೆಯೆಲ್ಲ ನಕ್ಕಿತು. ಗುಂಡಯ್ಯನೂ ನಕ್ಕ. ಆಮೇಲೆ ಅವನಿಗೆ ತಲೆಯ ನೆನಪಾಯಿತು.

ಗುಂಡಯ್ಯನ ತಮ್ಮ ಮಾಚ ಅರಮನೆಯ ಅಂಗಳ ಗುಡಿಸುವವನು. ಸುದ್ದಿ ತಿಳಿದು ಸೆರೆಮನೆಗೆ ಓಡಿದ.

"ಯಾಕಣ್ಣ ಮುಂದೆ ಹೋದೆ?"

"ಎಲ್ಲರೂ ಯೋಚನೆ ಮಾಡ್ತಾ ಕೂತಿದ್ರು ಕಣೋ. ನಂಗೆ ಹೊಳೀತು, ಹೇಳ್ಬಿಟ್ಟೆ. ಅವ್ವನಿಗೆ ಹೇಳಬೇಡ."

ಕಂಬಿಯಾಚೆ ಕುಳಿತು ಅಣ್ಣ ಒಗಟನ್ನು ಇದ್ದಹಾಗೆ ಒಪ್ಪಿಸಿದ. ಕೇಳುತ್ತಾ ಕೇಳುತ್ತಾ ಮಾಚನಿಗೆ ಮನೆಯ ಕಿಟಕಿ ಕಣ್ಮುಂದೆ ಬಂತು. ಅಲ್ಲಿಂದ ಎದ್ದವನು ನೇರವಾಗಿ ಸಭೆಗೆ ನಡೆದ.

"ಬುದ್ಧಿ, ನಾನೂ ಒಂದು ಕೈ ನೋಡುತ್ತೇನೆ. ಗೆದ್ದರೆ ಒಂದು ಮಾತು ನಡೆಸಿಕೊಡಬೇಕು," ಎಂದು ದೊರೆಗೆ ಕೈಮುಗಿದ. ದೊರೆ ತಲೆಯಾಡಿಸಿದ.

ಮೊದಲ ಒಗಟಿನ ಉತ್ತರ ಅಷ್ಟು ಹೊತ್ತಿಗೆ ಊರಿಗೇ ಗೊತ್ತಿತ್ತು. ಎರಡನೆಯದಕ್ಕೆ ಮಾಚ ಹೇಳಿದ: "ಬಳ್ಳಿಯ ಗೆಣ್ಣಿನಲ್ಲಿರುವ ಕಣ್ಣು, ಅಮ್ಮಣ್ಣಿಯವರೇ. ನೀವು ಕತ್ತರಿಸಿ ಎಸೆದ ಕಿಂಡಿಬಳ್ಳಿಯ ಎಲೆಯೊಂದನ್ನು ಮನೆಗೆ ಒಯ್ದು ನೀರಿನ ಚೊಂಬಿನಲ್ಲಿಟ್ಟೆ. ಮಳೆಗಾಲ ಮುಗಿದರೂ ಹಸಿರಾಗೇ ಇತ್ತು, ಒಂದು ಚಿಗುರೂ ಬರಲಿಲ್ಲ. ಆಮೇಲೆ ಗೆಣ್ಣಿದ್ದ ತುಂಡು ಸಿಕ್ಕಿತು. ನೀರು ಬದಲಿಸುತ್ತಾ ಇಟ್ಟೆ. ಗೆಣ್ಣಿನಿಂದ ಬೇರು ಬಂತು, ಕಣ್ಣು ಬಿಟ್ಟು ಚಿಗುರೂ ಬಂತು."

ಪದ್ಮಲೆ ಸಿಂಹಾಸನದ ಪಕ್ಕದಿಂದ ಎರಡು ಮೆಟ್ಟಿಲು ಇಳಿದಳು. "ಮೂರನೆಯದು ಕೇಳು. ಗಟ್ಟಿ ಮನೆ ಕಟ್ಟಿಕೊಟ್ಟು ಹೊಟ್ಟೆ ಬಿರಿಯೆ ಉಣಿಸಿದರು, ಕೂಸು ಸತ್ತಿತು. ತಳ ತೂತಾದ ಮನೆಯಲ್ಲಿಟ್ಟು ಹಸಿದಾಗಷ್ಟೇ ಉಣಿಸಿದರು, ಕೂಸು ಬೆಳೆಯಿತು. ಯಾವ ಕೂಸು?"

ಮಾಚನ ಕಣ್ಣಿಗೆ ತೊಟ್ಟಿಲ ಕೂಸುಗಳೇ ಬಂದವು, ತೂತು ಮನೆ ಮಾತ್ರ ಹೊಂದಲಿಲ್ಲ. ದೊರೆ ಭಟರತ್ತ ನೋಡಿದ. ಆಗ ಮಾಚನ ಮುಖ ಅರಳಿತು.

"ಇದನ್ನು ಬಿಡಿಸಿದವಳು ನಮ್ಮವ್ವ. ಬೇರು ಬಂದ ಬಳ್ಳಿಯನ್ನು ನಾನು ಆಸೆಯಿಂದ ಹಿತ್ತಾಳೆ ಚರಿಗೆಯಲ್ಲಿ ನೆಟ್ಟು ದಿನಾ ನೀರು ಹೊಯ್ದೆ. ಬೇರು ಕೊಳೆತು ಹೋಯಿತು. ಇನ್ನೊಂದು ತುಂಡು ಬೇರು ಬಿಟ್ಟಾಗ ಅವ್ವ ಅದನ್ನು ತಳ ತೂತಾದ ಮಡಕೆಯಲ್ಲಿ ನೆಟ್ಟು, 'ಮಣ್ಣಿಗೆ ಬೆರಳಿಟ್ಟು ನೋಡು ಮಗಾ. ಒಣಗಿದ್ರೆ ಹಾಕು, ಹಸಿಯಿದ್ರೆ ಸುಮ್ಮನಿರು' ಅಂದಳು. ಕೂಸು ಅಂದರೆ ಮಡಕೆಯಲ್ಲಿ ನೆಟ್ಟ ಎಳೆಬಳ್ಳಿ."

"ಸರಿ," ಎಂದಳು ಪದ್ಮಲೆ. ಅಮ್ಮ ಹೋದಮೇಲೆ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ನಿನ್ನ ಮಾತೇನು, ಕೇಳು," ಎಂದ ದೊರೆ.

"ಮೂವರ ತಲೆ ಉಳಿಸಿ, ಬುದ್ಧಿ. ಅದರಲ್ಲೊಂದು ನಮ್ಮಣ್ಣನದು."

ದೊರೆ ಗೊಣಗಿಕೊಂಡೇ ಬೀಗದ ಕೈ ಕೊಟ್ಟ. ಮೂವರೂ ಕುತ್ತಿಗೆ ಸವರಿಕೊಳ್ಳುತ್ತಾ ಹೊರಬಂದರು. ಗುಂಡಯ್ಯ ತಮ್ಮನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ.

"ನನ್ನ ಒಪ್ಪಿಗೆ ಇನ್ನೂ ಬಾಕಿ ಇದೆ," ಎಂದಳು ಪದ್ಮಲೆ. "ಮೊದಲು ಆ ಬಳ್ಳಿಯನ್ನು ನೋಡಬೇಕು."

ಮಾಚನ ಗುಡಿಸಲಿಗೆ ಪಲ್ಲಕ್ಕಿ ಬಂದಾಗ ಅವನ ತಾಯಿ ನೀಲವ್ವ ರಾಗಿ ಬೀಸುತ್ತಿದ್ದಳು. ಕೈ ಒರೆಸಿಕೊಂಡು, "ಬಾ ತಾಯಿ, ಚಾಪೆ ಮೇಲೆ ಕೂತ್ಕೋ," ಎಂದಳು. ಪದ್ಮಲೆ ಕೂರಲಿಲ್ಲ. ಕಿಟಕಿಯ ಪಕ್ಕ ಬಳ್ಳಿ ಸೂರಿನತನಕ ಹಬ್ಬಿತ್ತು. ತುದಿಯಲ್ಲಿ ಸುರುಳಿ ಬಿಚ್ಚುತ್ತಿದ್ದ ಎಳೆ ಎಲೆಯನ್ನು ಅವಳು ಬೆರಳ ತುದಿಯಿಂದ ಮುಟ್ಟಿದಳು. ಅಮ್ಮನ ಕೋಣೆಯಿಂದ ಇಷ್ಟು ದೂರ ಬಂದು, ಈ ಪುಟ್ಟ ಮನೆಯಲ್ಲಿ ಅದು ಸೊಂಪಾಗಿತ್ತು. ಮಾಚ ಬಾಗಿಲಲ್ಲಿ ಕಾಯುತ್ತಿದ್ದ.

ಕೊನೆಗೆ ಅವಳು ಚಾಪೆಯ ಮೇಲೆ ಕೂತು ನೀಲವ್ವನ ಕಡೆ ತಿರುಗಿದಳು.

"ಬಾಯಾರಿದೆ. ಒಂದು ಲೋಟ ನೀರು ಕೊಡ್ತೀರಾ, ಅತ್ತೆ?"

ನೀಲವ್ವ ನೀರಿಗೆಂದು ಎದ್ದವಳು ಅರ್ಧ ದಾರಿಯಲ್ಲೇ ನಿಂತುಬಿಟ್ಟಳು.