ರಬ್ಬರಿನ ಸಾಕ್ಷಿ

ಯುದ್ಧಕಾಲದ ಕಾರ್ಖಾನೆಗಳಲ್ಲಿ ದುಡಿದ ಹೆಂಗಸರ ಚರಿತ್ರೆ ಬರೆಯುವವರೊಬ್ಬರ ಮೇಜಿನ ಮೇಲೆ ಒಂದು ರಬ್ಬರ್ ಇತ್ತು. ಶಿಸ್ತೆಂದರೆ ಅದಕ್ಕೆ ಪ್ರಾಣ. ಆಲ್ಬಮ್ಮಿಗೆ ಅಂಟಿಸುವ ಪೋಸ್ಟ್‌ಕಾರ್ಡಿನ ಬೆನ್ನು ಶುಭ್ರವಾಗಿರಬೇಕೆಂದು ಅದು ಹಳೆಯ ಕಾರ್ಡೊಂದನ್ನು ಕವುಚಿ ಹಾಕಿ ಉಜ್ಜತೊಡಗಿತು.

“ಮೆಲ್ಲಗೆ ಮಾರಾಯ,” ಎಂದಿತು ಕಾರ್ಡು. “ಅದು ಕೊಳೆಯಲ್ಲ, ಪೆನ್ಸಿಲ್ ಬರಹ. ನನ್ನ ಮುಂಬದಿಯಲ್ಲಿ ಪ್ಯಾರಾಚೂಟ್ ಹೊಲಿಯುವ ಹೆಂಗಸರ ಚಿತ್ರವಿದೆ. ಅವರಲ್ಲೊಬ್ಬಳು ತಾಯಿಗೆ ಬರೆದದ್ದು.”

“ಚಿತ್ರವಿದೆಯಲ್ಲ, ಸಾಕು. ಬೆನ್ನನ್ನು ಯಾರು ನೋಡುತ್ತಾರೆ?” ಎನ್ನುತ್ತ ರಬ್ಬರ್ ಕೊನೆಯ ಸಾಲನ್ನೂ ಅಳಿಸಿ, ಕಾರ್ಡನ್ನು ಮಗುಚಿತು.

ಭೂತಗನ್ನಡಿ ಚಿತ್ರದ ಮೇಲೆ ಬಾಗಿತು. “ಎಲ್ಲರ ಕೈಯಲ್ಲೂ ಬಟ್ಟೆಯಿದೆ. ಈ ಮೂರನೆಯವಳು ಮಾತ್ರ ಕೈ ಹಿಂದಿಟ್ಟು ನಗುತ್ತಿದ್ದಾಳೆ. ಮೈಗಳ್ಳಿಯೇ ಸರಿ. ಹಾಗೆಂದೇ ಬರೆದುಕೋ, ಪೆನ್ಸಿಲಣ್ಣ.”

ಕಾರ್ಡಿನ ಬಳಿ ಈಗ ಪುರಾವೆಯಿರಲಿಲ್ಲ. ರಬ್ಬರ್ ಸುಮ್ಮನಿದ್ದರೆ ಅದರ ತಪ್ಪೂ ಮುಚ್ಚಿಹೋಗುತ್ತಿತ್ತು. ಆದರೆ ಹೋಗುತ್ತಿದ್ದದ್ದು ಒಬ್ಬ ಹೆಂಗಸಿನ ಮಾನ.

“ತಡಿ,” ಎಂದಿತು ರಬ್ಬರ್. “ಒಂದೊಂದು ಅಕ್ಷರವನ್ನೂ ಮುಟ್ಟಿಯೇ ಅಳಿಸಿದ್ದೇನೆ, ನನಗೆ ನೆನಪಿದೆ. ಬರೆದುಕೋ: ‘ಅವ್ವಾ, ಮೂರನೆಯವಳು ನಾನು. ಸೂಜಿ ಹೊಕ್ಕು ಬೆರಳು ಬಾತಿತ್ತು. ಚಿತ್ರ ತೆಗೆಯುವವರು ಕೈ ಹಿಂದಿಟ್ಟು ನಗು ಅಂದರು, ನಕ್ಕೆ. ನಿನ್ನ ಅಂತೋಣಮ್ಮ.’”

ಪೆನ್ಸಿಲ್ ಬರೆದು ಮುಗಿಸಿತು. “ಹೇಳಿದವರು ಯಾರೆಂದು ಹಾಕಲಿ?”

“ಅಳಿಸಿದವನು ಎಂದೇ ಹಾಕು,” ಎಂದಿತು ರಬ್ಬರ್.