ಪಚ್ಚೆ ಒರಳು

ಕೆಂಬಾರೆಯ ಮಾತೆಯ ದೇವಾಲಯದ ಹಿಂದೆ, ಗುಡ್ಡದ ಬುಡಕ್ಕೆ ಅಂಟಿಕೊಂಡಂತೆ ಒಂದು ಅಗಲವಾದ ಹಾಸುಬಂಡೆ ಇದೆ. ಬಂಡೆಯ ಮೇಲೆ ಸಾಲಾಗಿ ಏಳು ಕುಳಿಗಳು. ಹಿಂದಿನ ಕಾಲದಲ್ಲಿ ಊರಿನ ಚಿತ್ರಗಾರರ ಮನೆಯವರು ಇವುಗಳಲ್ಲಿ ಬಣ್ಣ ಅರೆಯುತ್ತಿದ್ದರಂತೆ. ಆದ್ದರಿಂದ ಇವಕ್ಕೆ ಒರಳು ಎನ್ನುತ್ತಾರೆ. ಆರು ಒರಳುಗಳಲ್ಲಿ ಮಳೆನೀರು ನಿಲ್ಲುತ್ತದೆ, ಗುಬ್ಬಿಗಳು ಬಂದು ಮೀಯುತ್ತವೆ. ಏಳನೆಯದನ್ನು ಗಾರೆಯಿಂದ ಭದ್ರವಾಗಿ ಮುಚ್ಚಲಾಗಿದೆ. ಅದರಿಂದಲೇ ಇಡೀ ಜಾಗಕ್ಕೆ ಪಚ್ಚೆ ಒರಳು ಎಂಬ ಹೆಸರು. ಆ ಒರಳಿನೊಳಗೆ ಫ್ರೆಂಚ್ ಸಿಪಾಯಿಯೊಬ್ಬ ಹೂತಿಟ್ಟ ಪಚ್ಚೆಯ ಹರಳು ಇದೆಯೆಂದು ಬಸ್ ನಿಲ್ದಾಣದ ಬಳಿ ಕೆಲವರು ಪ್ರವಾಸಿಗಳಿಗೆ ಹೇಳುವುದುಂಟು. ಅದು ತಪ್ಪು. ಅಲ್ಲಿರುವುದು ಹರಳಲ್ಲ, ಬಣ್ಣ. ಹೂತದ್ದು ಸಿಪಾಯಿಯಲ್ಲ, ಗಿರಿಯಮ್ಮ ಎಂಬ ಗೃಹಿಣಿ.

ಹಿಂದೆ ಒಮ್ಮೆ, ಮೈಸೂರಿಗೆ ರೈಲು ಬಂದು ಕೆಲವೇ ವರ್ಷಗಳಾಗಿದ್ದಾಗ, ಈ ದೇವಾಲಯವನ್ನು ಕಟ್ಟಿಸಿದವರು ಫ್ರಾನ್ಸ್ ದೇಶದ ಒಬ್ಬ ಕ್ರೈಸ್ತ ಗುರುಗಳು. ಊರಿನವರು ಅವರನ್ನು ಗಡ್ಡದ ಸ್ವಾಮಿಗಳು ಎನ್ನುತ್ತಿದ್ದರು. ಪೀಠದ ಮೇಲಿನ ಮರದ ಮಂಟಪಕ್ಕೆ ಬಳ್ಳಿಯೊಂದನ್ನು ಕೆತ್ತಿಸಿ, ಅದರ ನಲವತ್ತು ಎಲೆಗಳಿಗೆ ಬಣ್ಣ ಬರೆಯುವ ಕೆಲಸವನ್ನು ಅವರು ಗಿರಿಯಮ್ಮನ ಗಂಡ ಕೊಂಡಪ್ಪನಿಗೆ ವಹಿಸಿದರು. ಕೊಂಡಪ್ಪ ತೊಟ್ಟಿಲು, ಪಲ್ಲಕ್ಕಿ, ಊರದೇವತೆಗಳ ಮುಖ ಬರೆಯುತ್ತಿದ್ದವನು. ಅವನಿಗೆ ಗೊತ್ತಿದ್ದ ಹಸಿರು ಎಂದರೆ ನೀಲಿಗೆ ಹಳದಿ ಬೆರೆಸಿದ್ದು, ಇಲ್ಲವೆ ತಾಮ್ರದ ಕಿಲುಬು. ಮೊದಲನೆಯದು ಬಿಸಿಲಿಗೆ ಬಾಡುತ್ತಿತ್ತು, ಎರಡನೆಯದು ವರ್ಷ ಕಳೆದರೆ ಕಪ್ಪಾಗುತ್ತಿತ್ತು. ಸ್ವಾಮಿಗಳು ತಮ್ಮ ದೇಶದಿಂದ ತರಿಸಿದ ಡಬ್ಬಿಯನ್ನು ತೆರೆದಾಗ ಗಿರಿಯಮ್ಮ ಪಕ್ಕದಲ್ಲೇ ಇದ್ದಳು. ಆಳವಾದ, ತಣ್ಣಗಿನ ಹಸಿರು. ಹರಳಿನೊಳಗೆ ಇಣುಕಿ ನೋಡಿದಂತಿತ್ತು. ಅದರ ಹೆಸರೂ ಪಚ್ಚೆಯ ಹೆಸರೇ ಎಂದು ಸ್ವಾಮಿಗಳು ತಿಳಿಸಿದರು. ಪ್ಯಾರಿಸ್ಸಿನ ಚಿತ್ರಗಾರನೊಬ್ಬ ಅದನ್ನು ಮೊದಲು ಮಾಡಿದನಂತೆ. ಮಾಡುವ ಬಗೆಯನ್ನು ಯಾರಿಗೂ ಹೇಳದೆ ಬಂಗಾರದಂತೆ ಮಾರಿದನಂತೆ. ಇಪ್ಪತ್ತು ವರ್ಷಗಳ ನಂತರ ಮತ್ತೊಬ್ಬ ಅದರ ಗುಟ್ಟು ಕಂಡುಹಿಡಿದ ಮೇಲೆ ಅದು ಎಲ್ಲರ ಕೈಗೆ ಬಂತು. ಈಗ ಅಲ್ಲಿಯ ಚಿತ್ರಗಾರರು ಮರಕ್ಕೂ ಕಡಲಿಗೂ ಬಟ್ಟೆಯ ನೆರಿಗೆಗೂ ಅದನ್ನೇ ಬಳಸುತ್ತಾರೆ. ಬಿಸಿಲಿಗೂ ಸುಣ್ಣಕ್ಕೂ ಅದು ಬಗ್ಗುವುದಿಲ್ಲ.

ಕೆಂಬಾರೆಯ ಚಿತ್ರಗಾರರಲ್ಲಿ ಒಂದು ಪದ್ಧತಿಯಿತ್ತು. ಹೊಸ ಬಣ್ಣ ಅರೆದಾಗ ಬರೆಯುವವನು ಮೊದಲು ಅದರ ಒಂದು ಚಿಟಿಕೆಯನ್ನು ನಾಲಿಗೆಗೆ ಮುಟ್ಟಿಸಬೇಕು. ಅಳಿಲಿನ ಬಾಲದ ಕೂದಲಿನ ಕುಂಚವನ್ನು ಪ್ರತಿ ಸಲವೂ ತುಟಿಗಳ ನಡುವೆ ಎಳೆದು ತುದಿ ಮಾಡಿಕೊಳ್ಳಬೇಕು. ನೀರಿನಲ್ಲಿ ತುದಿ ಮಾಡುವವನನ್ನು ಸುಣ್ಣ ಬಳಿಯುವವನೆಂದು ಹಂಗಿಸುತ್ತಿದ್ದರು. ಕೊಂಡಪ್ಪ ಪಚ್ಚೆಯನ್ನೂ ಹಾಗೆಯೇ ಸವಿದು, ರುಚಿಯಿಲ್ಲ, ಒಳ್ಳೆಯ ಮಣ್ಣು ಎಂದ. ಗಿರಿಯಮ್ಮ ಅದನ್ನು ಏಳನೆಯ ಒರಳಿನಲ್ಲಿ ಎಣ್ಣೆ ಹಾಕಿ ಅರೆದು ಕೊಟ್ಟಳು. ಇಪ್ಪತ್ತಮೂರು ಎಲೆ ಮುಗಿಯುವಷ್ಟರಲ್ಲಿ ಡಬ್ಬಿ ಬರಿದಾಯಿತು. ಮಾತೆಯ ಹಬ್ಬ ಆಗಸ್ಟ್ ಹದಿನೈದಕ್ಕೆ. ಅಷ್ಟರೊಳಗೆ ಮುಗಿಸಿಕೊಡುವೆನೆಂದು ಕೊಂಡಪ್ಪ ಊರಿನ ಮುಂದೆ ಮಾತು ಕೊಟ್ಟಿದ್ದ. ಫ್ರಾನ್ಸಿನಿಂದ ತರಿಸಲು ಸಮಯವಿರಲಿಲ್ಲ. ಸ್ವಾಮಿಗಳು ಹೇಳಿಕಳುಹಿಸಿದಾಗ ಪಟ್ಟಣದ ವ್ಯಾಪಾರಿಯೊಬ್ಬ ಇದೂ ಅದೇ ಪಚ್ಚೆಯೆಂದು ಹೇಳಿ ಬೇರೊಂದು ಡಬ್ಬಿ ಕಳುಹಿಸಿದ. ಅದು ಮೊದಲಿನದಕ್ಕಿಂತ ಹೊಳಪಾಗಿತ್ತು, ಗಿಣಿಯ ರೆಕ್ಕೆಯಂತೆ. ಕೊಂಡಪ್ಪ ನೋಡಿದವನೇ ಒಲಿದುಬಿಟ್ಟ.

ಆರು ಎಲೆ ಬರೆಯುವ ಹೊತ್ತಿಗೆ ಅವನ ಹೊಟ್ಟೆ ಕಿವಿಚತೊಡಗಿತು. ತಿಂದದ್ದು ನಿಲ್ಲಲಿಲ್ಲ, ಅಂಗೈಯ ಚರ್ಮ ದಪ್ಪವಾಯಿತು, ತಲೆ ಬಾಚಿದರೆ ಕೂದಲು ಹಿಡಿಹಿಡಿಯಾಗಿ ಬಂತು. ಬೇರೆಯವರ ದೇವರಿಗೆ ಎಲೆ ಬರೆಯಲು ಹೋದದ್ದಕ್ಕೆ ಮನೆದೇವರು ಮುನಿದಿದೆ ಎಂದು ಅತ್ತೆ ಮುಡಿಪು ಕಟ್ಟಿದಳು. ಆದರೆ ಬಣ್ಣ ಅರೆಯುತ್ತಿದ್ದ ಗಿರಿಯಮ್ಮನ ಬೆರಳ ಸಂದಿನಲ್ಲೂ ಹುಣ್ಣು ಎದ್ದಿತ್ತು. ದಿನವೂ ಬಂಡೆಯ ಮೇಲೆ ಸಾಲುಗಟ್ಟಿ ಹೋಗುತ್ತಿದ್ದ ಇರುವೆಗಳು ಏಳನೆಯ ಒರಳಿನ ಅಂಚಿನಲ್ಲಿ ಸತ್ತು ಬಿದ್ದಿದ್ದವು. ಮೊದಲ ಡಬ್ಬಿಯ ಕಾಲದಲ್ಲಿ ಅವು ಒರಳಿಗಿಳಿದು ಹತ್ತಿ ಹೋಗುತ್ತಿದ್ದುದನ್ನು ಅವಳು ಕಂಡಿದ್ದಳು. ಒರಳು ತೊಳೆದ ನೀರು ಕುಡಿದ ಅವಳ ಹುಂಜ ಮಧ್ಯಾಹ್ನಕ್ಕೆ ಕಾಲು ಚಾಚಿತು. ಅವಳು ಗಂಡನಿಗೆ ಬಣ್ಣ ಬಿಡಿ ಎಂದಳು.

"ನಿನ್ನ ಸಾರು ಉಂಡು ಇಪ್ಪತ್ತು ವರ್ಷ ಬದುಕಿದವನು ನಾನು," ಎಂದು ಕೊಂಡಪ್ಪ ನಕ್ಕ. "ಈ ಬಣ್ಣ ನನ್ನನ್ನ ಏನು ಮಾಡೀತು? ಇನ್ನು ಹನ್ನೊಂದೇ ಎಲೆ."

ಗಿರಿಯಮ್ಮ ಒಂದು ಚಿಟಿಕೆ ಪುಡಿಯನ್ನು ಒಲೆಯ ಕೆಂಡಕ್ಕೆ ಹಾಕಿ ನೋಡಿದಳು. ಬೆಳ್ಳುಳ್ಳಿ ಸುಟ್ಟ ವಾಸನೆ ಎದ್ದಿತು. ಆ ದಿನ ಮನೆಯಲ್ಲಿ ಯಾರೂ ಬೆಳ್ಳುಳ್ಳಿ ಸುಲಿದಿರಲಿಲ್ಲ. ಅವಳು ಒಂದು ಕೈಯಲ್ಲಿ ಸತ್ತ ಹುಂಜ, ಇನ್ನೊಂದು ಕೈಯಲ್ಲಿ ಡಬ್ಬಿ ಹಿಡಿದು ನೇರವಾಗಿ ದೇವಾಲಯದ ಅಂಗಳಕ್ಕೆ ನಡೆದಳು. ವಾಸನೆಯ ಮಾತು ಕೇಳುತ್ತಲೇ ಸ್ವಾಮಿಗಳ ಮುಖ ಬಿಳುಪೇರಿತು ಎನ್ನುತ್ತಾರೆ. ಅವರ ದೇಶದಲ್ಲಿ ಅಂಥದೇ ಹೊಳಪಿನ ಹಸಿರನ್ನು ಗೋಡೆಯ ಕಾಗದಕ್ಕೂ ಬಟ್ಟೆಯ ಹೂಗಳಿಗೂ ಹಾಕಿ, ಮನೆಮಂದಿಯೆಲ್ಲ ಕಾಯಿಲೆ ಬಿದ್ದದ್ದನ್ನು ಅವರು ಕೇಳಿ ಬಲ್ಲರು. ಅದರಲ್ಲಿ ಪಾಷಾಣವಿರುತ್ತದೆ, ಇಲಿಗೂ ಹುಳಕ್ಕೂ ಅದನ್ನೇ ಇಡುತ್ತಾರೆ.

"ಪರೀಕ್ಷಿಸದೆ ಕೊಟ್ಟದ್ದು ನನ್ನ ತಪ್ಪು, ಅಮ್ಮ. ಕೆಲಸ ನಿಲ್ಲಿಸಲಿ."

"ಅವರು ನಿಲ್ಲಿಸೋದಿಲ್ಲ, ಸ್ವಾಮಿಗಳೇ. ನಿಮಗೆ ಮಾತು ಕೊಟ್ಟಿದ್ದಾರೆ."

"ಆ ಮಾತನ್ನು ನಾನು ಹಿಂದಕ್ಕೆ ಕೊಟ್ಟೆ."

"ಊರಿಗೂ ಕೊಟ್ಟಿದ್ದಾರಲ್ಲ."

ಅವಳು ಹೇಳಿದಂತೆಯೇ ಆಯಿತು. ಹೆಂಡತಿಯೂ ಸ್ವಾಮಿಗಳೂ ಹೇಳಿದ್ದನ್ನು ಕೇಳಿದ ಮೇಲೂ ಕೊಂಡಪ್ಪ ಮರುದಿನ ಬೆಳಿಗ್ಗೆ ಕುಂಚ ಹಿಡಿದು, ಗೋಡೆ ಹಿಡಿದುಕೊಂಡು ಬಂಡೆಯವರೆಗೆ ಬಂದ. ಅಷ್ಟರಲ್ಲಿ ಗಿರಿಯಮ್ಮ ಅಂಗೈಗಳಿಗೆ ಬಟ್ಟೆ ಸುತ್ತಿಕೊಂಡು, ಡಬ್ಬಿಯಲ್ಲಿದ್ದುದನ್ನೆಲ್ಲ ಏಳನೆಯ ಒರಳಿಗೆ ಸುರಿದಾಗಿತ್ತು. ಮೇಲೆ ಸುಣ್ಣ, ಮರಳು, ಬೆಲ್ಲದ ನೀರು ಕಲೆಸಿದ ಗಾರೆ ಮೆತ್ತಿ, ಒಂದು ಹಲಗೆ ಹಾಕಿ ಅದರ ಮೇಲೆ ಕುಳಿತಿದ್ದಳು.

"ಏಳು," ಎಂದ ಅವನು. "ನನ್ನ ಮರ್ಯಾದೆ ಹೋಗುತ್ತೆ."

"ಹನ್ನೊಂದು ಎಲೆ ಬೇಕೋ ಗಂಡ ಬೇಕೋ ಅಂತ ನನ್ನನ್ನ ಯಾರೂ ಕೇಳಲಿಲ್ಲ," ಎಂದಳು ಗಿರಿಯಮ್ಮ. "ಕೇಳದೇ ಇದ್ದರೂ ಹೇಳಿದ್ದೀನಿ, ನೋಡಿ."

ಗಾರೆ ಗಟ್ಟಿಯಾಗುವವರೆಗೆ ಮೂರು ದಿನ ಹಗಲೆಲ್ಲ ಅವಳು ಅಲ್ಲಿಂದ ಏಳಲಿಲ್ಲವಂತೆ. ಕೊಂಡಪ್ಪ ಮೊದಲ ದಿನ ಬೈದ, ಎರಡನೆಯ ದಿನ ದೂರದಲ್ಲಿ ಕುಳಿತ, ಮೂರನೆಯ ದಿನ ಅವಳಿಗೆ ಗಂಜಿ ತಂದುಕೊಟ್ಟ. ಹಬ್ಬದ ದಿನ ಹದಿನೇಳು ಎಲೆಗಳು ಬಿಳಿಯಾಗಿದ್ದವು. ಅವುಗಳಲ್ಲಿ ಹನ್ನೊಂದು ತಳದ ಸುಣ್ಣದಲ್ಲೇ ಉಳಿದಿದ್ದವು, ವಿಷದ ಹಸಿರಿನ ಆರರ ಮೇಲೆ ದಪ್ಪನೆ ಸುಣ್ಣ ಬಳಿದಿತ್ತು. ಸ್ವಾಮಿಗಳು ಪೀಠದ ಮುಂದೆ ನಿಂತು, ಕೆಲಸ ಮುಗಿದಿದೆ ಎಂದಷ್ಟೇ ಹೇಳಿದರು. ಕೊಂಡಪ್ಪ ಅದಾದ ಮೇಲೆ ಇಪ್ಪತ್ತೊಂಬತ್ತು ವರ್ಷ ಬದುಕಿದ. ಬಲಗೈ ನಡುಗುತ್ತಿದ್ದುದರಿಂದ ಎಲೆಯಷ್ಟು ಸಣ್ಣ ಕೆಲಸ ಮತ್ತೆ ಮಾಡಲಿಲ್ಲ. ಕಲಿಯಲು ಬಂದವರಿಗೆ ಮಾತ್ರ ಎಡ ಮಣಿಕಟ್ಟಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಅದರಲ್ಲೇ ಕುಂಚದ ತುದಿ ಮಾಡುವುದನ್ನು ಕಲಿಸಿದ. ಯಾರಾದರೂ ಮರೆತು ಕುಂಚವನ್ನು ತುಟಿಗೆ ತಂದರೆ, "ಗಿರಿಯಮ್ಮನ್ನ ಕರೀಲಾ?" ಎನ್ನುತ್ತಿದ್ದನಂತೆ.

ಈಗಲೂ ಕೆಂಬಾರೆಯ ಚಿತ್ರಗಾರರ ಎಡ ಮಣಿಕಟ್ಟಿನಲ್ಲಿ ಆ ಬಟ್ಟೆಯನ್ನು ಕಾಣಬಹುದು. ಮಂಟಪದ ಇಪ್ಪತ್ತಮೂರು ಎಲೆಗಳ ಪಚ್ಚೆ ಇಂದಿಗೂ ಮಾಸಿಲ್ಲ. ಉಳಿದವಕ್ಕೂ ಹಸಿರು ಹಾಕಿಸಲು ನಂತರ ಬಂದ ಗುರುಗಳಲ್ಲಿ ಇಬ್ಬರು ಪ್ರಯತ್ನಪಟ್ಟರು, ಊರು ಒಪ್ಪಲಿಲ್ಲ. ಪ್ರತಿವರ್ಷ ಹಬ್ಬದ ಹಿಂದಿನ ಬೆಳಿಗ್ಗೆ ಕೊಂಡಪ್ಪನ ಮನೆತನದ ಸೊಸೆಯೊಬ್ಬಳು ಏಣಿ ಹತ್ತಿ ಆ ಹದಿನೇಳು ಎಲೆಗಳಿಗೆ ಹೊಸ ಸುಣ್ಣ ಹಚ್ಚುತ್ತಾಳೆ. ಕೆಳಗೆ ಅವಳ ಗಂಡ ಏಣಿ ಹಿಡಿದು ನಿಂತಿರುತ್ತಾನೆ.